ನಿಮ್ಮ ಪ್ರಶ್ನೆ, ನಮ್ಮ ಉತ್ತರ: ‘ಹೆಫ್ಸಿಬಾ’ ಎಂಬ ಹೆಸರು

ಸತ್ಯವೇದದ (ಬೈಬಲಿನ) ಅಪರೂಪದ ಹೆಸರುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಈ ಬಾರಿ ಒಂದೇ ಹೆಸರಿಗೆ ಸಂಬಂಧಿಸಿದವನ್ನು ಆಯ್ದುಕೊಂಡಿದ್ದೇವೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕು ಮಾತು ಸಾಕಾಗಿದೆ.

ಪ್ರಶ್ನೆ: ಮೊಮ್ಮಗಳಿಗೆ ಹೆಫ್ಸಿಬಾ ಎಂದು ಹೆಸರಿಡಬೇಕೆಂದಿದ್ದೇವೆ. ಹೆಸರುಗಳ ಪಟ್ಟಿಯೊಂದರಲ್ಲಿ ‘ಸಂತೋಷ’ ಎಂಬ ಅರ್ಥ ಕೊಟ್ಟಿದ್ದಾರೆ, ಇನ್ನೊಂದರಲ್ಲಿ ‘ಪ್ರಿಯಳು’ ಎಂದಿದೆ. ಯಾವುದು ಸರಿ? (ಕೊಳ್ಳೇಗಾಲ)

ಉತ್ತರ: ಎರಡೂ ಅರ್ಧ ಸರಿ. ಹೆಫ್ಸಿಬಾ ಎಂಬುದು ಹೀಬ್ರೂ ಭಾಷೆಯ ಒಂದು ಪುಟ್ಟ ವಾಕ್ಯ. ಅದರಲ್ಲಿ ಎರಡು ಪದಗಳಿವೆ. ‘ಹೆಫ್ತ್ಸಿ’ ಎಂದರೆ ನನ್ನ ಒಲವು, ನನ್ನ ಮೆಚ್ಚುಗೆ. ‘ಬಾಹ್’ ಎಂದರೆ ಅವಳಲ್ಲಿ. ಕೂಡಿಸಿದರೆ ‘ನನ್ನ ಒಲವು ಅವಳ ಮೇಲಿದೆ’ ಎಂದಾಗುತ್ತದೆ. ಪಟ್ಟಿ ಮಾಡುವವರು ಮೊದಲ ಪದವನ್ನಷ್ಟೇ ತೆಗೆದುಕೊಂಡು ‘ಸಂತೋಷ’ ಎಂದು ಬರೆದುಬಿಡುತ್ತಾರೆ. ಆಗ ಹೆಸರಿನ ಜೀವವೇ ಹೋಗುತ್ತದೆ. ಈ ವಾಕ್ಯದಲ್ಲಿರುವ ‘ನಾನು’ ಹೆಸರು ಹೊತ್ತ ಹುಡುಗಿಯಲ್ಲ, ಅವಳನ್ನು ಮೆಚ್ಚಿದಾತ. ಮೆಚ್ಚಿದಾತನ ಮಾತೇ ಅವಳ ಹೆಸರಾಗಿದೆ.

ಇಲ್ಲಿನ ಮೂಲ ಧಾತುವಿಗೆ ಹೇತ್, ಪೇ, ತ್ಸಾದೆ ಎಂಬ ಮೂರು ಅಕ್ಷರಗಳು. ಮನಸ್ಸು ಒಲಿಯುವುದು, ಇಷ್ಟಪಡುವುದು ಎಂಬ ಅರ್ಥ. ಯಾರ ಮೇಲೆ ಮನಸ್ಸು ಒಲಿಯಿತೋ ಅವರನ್ನು ‘ಬ’ ಎಂಬ ವಿಭಕ್ತಿಯಿಂದ ಸೂಚಿಸುವುದು ವಾಡಿಕೆ. ಈ ಜೋಡಣೆ ಸತ್ಯವೇದದಲ್ಲಿ ಎಲ್ಲೆಲ್ಲಿ ಬರುತ್ತದೆ ಎಂದು ನೋಡಿದರೆ ಹೆಸರಿನ ತೂಕ ತಿಳಿಯುತ್ತದೆ. ಆದಿಕಾಂಡ 34:19ರಲ್ಲಿ ಶೆಕೆಮನು ಯಾಕೋಬನ ಮಗಳಿಗೆ ಮನಸೋತದ್ದನ್ನು ಹೇಳಲು ಇದೇ ಕ್ರಿಯಾಪದ ಬಂದಿದೆ. ಎಸ್ತೇರಳ ಪುಸ್ತಕ 2:14ರಲ್ಲಂತೂ ‘ಹಾಫೇತ್ಸ್ ಬಾಹ್’ ಎಂದೇ ಇದೆ. ಅರಸನು ಅವಳನ್ನು ಮೆಚ್ಚಿ ಹೆಸರು ಹಿಡಿದು ಕರೆಸಿದ ಹೊರತು ಅಂತಃಪುರದ ಹೆಣ್ಣು ಮತ್ತೆ ಅವನ ಬಳಿಗೆ ಹೋಗುವಂತಿರಲಿಲ್ಲ ಎನ್ನುವ ಸಂದರ್ಭ ಅದು. ಅಂದರೆ ಗಂಡು ಹೆಣ್ಣನ್ನು ಮೆಚ್ಚಿದಾಗ ಆಡುವ ಮಾತು ಇದು. ಅರಣ್ಯಕಾಂಡ 14:8ರಲ್ಲಿ ಅದೇ ಮಾತನ್ನು ಯೆಹೋಶುವ ಮತ್ತು ಕಾಲೇಬರು ದೇವರ ಬಗ್ಗೆ ಬಳಸುತ್ತಾರೆ: ಆತನು ನಮ್ಮನ್ನು ಮೆಚ್ಚಿದರೆ ಆ ದೇಶಕ್ಕೆ ನಮ್ಮನ್ನು ಸೇರಿಸುವನು ಎಂದು.

ಹೆಸರಿಗೆ ಈಗಿರುವ ಖ್ಯಾತಿ ಬಂದದ್ದು ಪ್ರವಾದಿ ಯೆಶಾಯನ ಪುಸ್ತಕದ 62:4ರಿಂದ. ಕ್ರಿ.ಪೂ. 586ರಲ್ಲಿ ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಹಾಳುಮಾಡಿದ್ದರು. ಸೆರೆಯಿಂದ ಮರಳಿದವರ ಕಣ್ಣಿಗೆ ಬಿದ್ದದ್ದು ಕುಸಿದ ಗೋಡೆ, ಪಾಳುಬಿದ್ದ ಹೊಲ. ಆ ನಗರಕ್ಕೆ ಜನರ ಬಾಯಲ್ಲಿ ‘ಅಜೂಬಾ’, ಅಂದರೆ ಗಂಡ ಬಿಟ್ಟವಳು ಎಂಬ ಹೆಸರು. ನಾಡಿಗೆ ‘ಶೆಮಾಮಾ’, ಅಂದರೆ ಹಾಳುಬಿದ್ದದ್ದು. ಇನ್ನು ಮೇಲೆ ಆ ಹೆಸರುಗಳು ಬೇಡ, ನೀನು ಹೆಫ್ಸಿಬಾ, ನಿನ್ನ ನಾಡು ‘ಬ್ಯೂಲಾ’, ಅಂದರೆ ಮದುವೆಯಾದವಳು, ಎನ್ನುತ್ತದೆ ಆ ವಚನ. ಹೀಬ್ರೂವಿನಲ್ಲಿ ನಗರ ಸ್ತ್ರೀಲಿಂಗ, ಹಾಗಾಗಿ ‘ಅವಳಲ್ಲಿ’. ಅದಕ್ಕೂ ಎರಡು ವಚನ ಮೊದಲು, ಈ ಹೊಸ ಹೆಸರನ್ನು ಕರ್ತನ ಬಾಯೇ ನೇಮಿಸುವುದು ಎಂದಿದೆ. ಮೊಮ್ಮಗಳ ನಾಮಕರಣದಲ್ಲಿ ಓದಿಸುವುದಾದರೆ ನಾಲ್ಕನೆಯ ವಚನ ಒಂದನ್ನೇ ಓದಿಸಬೇಡಿ, 1ರಿಂದ 5ರವರೆಗೆ ಓದಿಸಿ. ‘ಬಿಟ್ಟವಳು’ ಎಂಬ ಹಳೆಯ ಹೆಸರಿನ ನೋವು ಕೇಳಿಸಿದರೆ ಮಾತ್ರ ಹೊಸ ಹೆಸರಿನ ಸಂತೋಷ ಕೇಳಿಸುತ್ತದೆ.

ಪ್ರಶ್ನೆ: ಹೆಫ್ಸಿಬಾ ದುಷ್ಟ ಅರಸ ಮನಸ್ಸೆಯ ತಾಯಿ, ಆ ಹೆಸರು ಬೇಡ ಎಂದು ನಮ್ಮ ಬಂಧುಗಳು ಹಟ ಹಿಡಿದಿದ್ದಾರೆ. ಇದು ನಿಜವೇ? (ಹುಬ್ಬಳ್ಳಿ)

ಉತ್ತರ: ಆಕೆ ಮನಸ್ಸೆಯ ತಾಯಿ ಎಂಬುದು ನಿಜ. 2 ಅರಸುಗಳು 21:1ರಲ್ಲಿ ಇದೆ. ಮನಸ್ಸೆ ಪಟ್ಟಕ್ಕೆ ಬಂದಾಗ 12 ವರ್ಷದವನು, 55 ವರ್ಷ ಆಳಿದ, ತಾಯಿಯ ಹೆಸರು ಹೆಫ್ಸಿಬಾ. ಇಡೀ ಸತ್ಯವೇದದಲ್ಲಿ ಈ ಹೆಸರಿನ ಹೆಂಗಸು ಆಕೆ ಒಬ್ಬಳೇ. ಆಕೆಯ ಬಗ್ಗೆ ಬರೆದಿರುವುದೂ ಅಷ್ಟೇ. ಮಗನ ತಪ್ಪನ್ನು ಆಕೆಯ ತಲೆಗೆ ಕಟ್ಟುವ ಒಂದು ಸಾಲೂ ಇಲ್ಲ. ಅದೇ ಸಂಗತಿಯನ್ನು ಹೇಳುವ 2 ಪೂರ್ವಕಾಲವೃತ್ತಾಂತ 33:1ರಲ್ಲಿ ತಾಯಿಯ ಹೆಸರನ್ನೇ ಬಿಟ್ಟಿದ್ದಾರೆ. ಯೆಹೂದದ ಅರಸರ ಲೆಕ್ಕದಲ್ಲಿ ರಾಜಮಾತೆಯ ಹೆಸರು ಬರೆಯುವುದು ಪದ್ಧತಿ, ಒಳ್ಳೆಯ ಅರಸನಾದರೂ ಕೆಟ್ಟವನಾದರೂ.

ನಿಮ್ಮ ಬಂಧುಗಳಿಗೆ ಇನ್ನೂ ಒಂದನ್ನು ತೋರಿಸಿ. 1 ಅರಸುಗಳು 22:42ರಲ್ಲಿ ಯೆಹೋಷಾಫಾಟನ ತಾಯಿಯ ಹೆಸರು ಅಜೂಬಾ. ಯೆಶಾಯನ ವಚನದಲ್ಲಿ ತೆಗೆದುಹಾಕಿದ ಹೆಸರೇ ಅದು! ಹೆಸರಿನಿಂದ ಮಕ್ಕಳ ನಡತೆ ನಿರ್ಧಾರವಾಗುವಂತಿದ್ದರೆ ‘ಬಿಟ್ಟವಳು’ ಎಂಬ ಹೆಸರಿನವಳ ಮಗ ಕೆಟ್ಟವನಾಗಬೇಕಿತ್ತು. ಆದರೆ ಯೆಹೋಷಾಫಾಟನು ತಂದೆಯ ಒಳ್ಳೆಯ ಮಾರ್ಗದಲ್ಲಿ ನಡೆದವನೆಂದು ಮುಂದಿನ ವಚನವೇ ಹೇಳುತ್ತದೆ. ಯೆಶಾಯನ ವಚನದ ಎರಡು ಹೆಸರುಗಳೂ ಯೆರೂಸಲೇಮಿನ ಅರಮನೆಯಲ್ಲಿ ನಿಜವಾಗಿ ಬಾಳಿದ ಇಬ್ಬರು ರಾಜಮಾತೆಯರ ಹೆಸರುಗಳು. ಕೇಳುಗರಿಗೆ ಗೊತ್ತಿದ್ದ ಹೆಣ್ಣುಮಕ್ಕಳ ಹೆಸರನ್ನೇ ಪ್ರವಾದನೆ ನಗರಕ್ಕೆ ಇಟ್ಟಿದೆ.

ಮನಸ್ಸೆಯ ತಂದೆ ಹಿಜ್ಕೀಯ ಅರಸ ಪ್ರವಾದಿ ಯೆಶಾಯನ ಮಗಳನ್ನೇ ಮದುವೆಯಾದ ಎಂಬ ಮಾತು ಯೆಹೂದ್ಯರ ಧರ್ಮಗ್ರಂಥ ತಾಲ್ಮುದಿನಲ್ಲಿದೆ, ಬೆರಾಖೋತ್ ಭಾಗದ 10ನೆಯ ಹಾಳೆಯಲ್ಲಿ. ಅದನ್ನು ಹಿಡಿದು ಹೆಫ್ಸಿಬಾ ಯೆಶಾಯನ ಮಗಳು ಎಂದು ಹೇಳುವವರಿದ್ದಾರೆ. ಇದು ಸಂಪ್ರದಾಯದ ಕಥೆ, ಸತ್ಯವೇದದ ಹೇಳಿಕೆಯಲ್ಲ. ಪ್ರಸಂಗದಲ್ಲಿ ಹೇಳುವವರು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿದರೆ ಒಳ್ಳೆಯದು.

ಪ್ರಶ್ನೆ: ನಮ್ಮ ಅಜ್ಜಿ ತಮಿಳಿನವರು, ಹೆಸರು ಎಪ್ಸಿಬಾ. ಪಕ್ಕದ ಮನೆಯ ತೆಲುಗಿನವರು ಹೆಪ್ಸಿಬಾ ಎನ್ನುತ್ತಾರೆ. ಶಾಲೆಯಲ್ಲಿ ಹೆಫ್ಜಿಬಾ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಸರಿಯಾದ ರೂಪ ಯಾವುದು? (ಕೆಜಿಎಫ್)

ಉತ್ತರ: ಮೂರೂ ಒಂದೇ ಹೆಸರು. ತಮಿಳು ಸತ್ಯವೇದದಲ್ಲಿ ಎಪ್ಸಿಬಾ ಎಂದೇ ಇದೆ. ತಮಿಳಿನಲ್ಲಿ ಪದದ ಮೊದಲ ಹಕಾರ ಬಿಟ್ಟುಹೋಗುವುದು ಸಹಜ. ಆದ್ದರಿಂದ ನಿಮ್ಮ ಅಜ್ಜಿಯ ಹೆಸರು ತಪ್ಪಾಗಿ ಉಳಿದುಬಂದದ್ದಲ್ಲ, ಅವರ ಸತ್ಯವೇದದಲ್ಲಿದ್ದ ಹಾಗೆಯೇ ಇಟ್ಟದ್ದು.

ತೊಡಕಿರುವುದು ನಡುವಿನ ಅಕ್ಷರದಲ್ಲಿ. ಅಲ್ಲಿರುವುದು ಹೀಬ್ರೂವಿನ ತ್ಸಾದೆ. ತಕಾರ ಸಕಾರ ಒಟ್ಟಿಗೆ ನುಡಿದಂತೆ ಅದರ ಉಚ್ಚಾರ, ಗಂಟಲು ಕಂಪಿಸುವುದಿಲ್ಲ. ಇಂಗ್ಲಿಷ್ ಸತ್ಯವೇದಗಳು ಅದಕ್ಕೆ ಜೆಡ್ ಹಾಕಿದವು, ಕನ್ನಡ ಸತ್ಯವೇದ ಚಕಾರ ಹಾಕಿತು. ಇಂಗ್ಲಿಷಿನಲ್ಲಿ ಜೆಡ್‌ನಿಂದ ಶುರುವಾಗುವ ಊರು ನಮ್ಮಲ್ಲಿ ಚೀಯೋನ್ ಆದದ್ದು, ಅರಸನ ಹೆಸರು ಚಿದ್ಕೀಯ ಆದದ್ದು ಇದೇ ಕಾರಣಕ್ಕೆ. ಹೆಫ್ಚೀಬಾ ಎಂಬ ಬರಹ ಕಂಡರೆ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ, ಅದೂ ತ್ಸಾದೆಯೇ. ಇಂಗ್ಲಿಷಿನ ಜೆಡ್ ನೋಡಿ ಜಕಾರ ಬರೆದರೆ ಮೂಲದಿಂದ ಇನ್ನೂ ದೂರ ಹೋಗುತ್ತೇವೆ. ಮೂಲ ಧ್ವನಿಗೆ ಸಕಾರವೇ ಹತ್ತಿರ. ಇಂಗ್ಲಿಷಿನ ಪಿ-ಎಚ್ ಜೋಡಿಯ ಜಾಗದಲ್ಲಿ ಹೀಬ್ರೂವಿನಲ್ಲಿ ತುಟಿ ಹಲ್ಲಿಗೆ ತಾಗುವ ಫಕಾರವಿದೆ. ಹೀಗಾಗಿ ನಮ್ಮ ಸಲಹೆ ಹೆಫ್ಸಿಬಾ. ಮನೆಮಂದಿಯ ಬಾಯಲ್ಲಿ ಅದು ಹೆಪ್ಸಿಬಾ ಆಗಿಯೇ ಆಗುತ್ತದೆ, ಆಗಲಿ.

ಫಕಾರ ಜಕಾರಗಳ ಕೆಳಗೆ ಚುಕ್ಕಿ ಇಟ್ಟು ಬರೆಯುವ ಆಸೆ ಕೆಲವರಿಗೆ ಇರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಇಡಿ, ಅರ್ಜಿಗಳಲ್ಲಿ ಬೇಡ. ಕಂಪ್ಯೂಟರಿಗೆ ಆ ಚುಕ್ಕಿ ಬೇರೆಯೇ ಒಂದು ಅಕ್ಷರ. ಚುಕ್ಕಿಯಿರುವ ಹೆಸರನ್ನು ಚುಕ್ಕಿಯಿಲ್ಲದೆ ಹುಡುಕಿದರೆ ಸಿಗದೇ ಹೋಗಬಹುದು.

ಕೊನೆಯ ಅಕ್ಷರದ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಬರಹದ ಕೊನೆಯಲ್ಲಿರುವ ಎಚ್ ಅಲಂಕಾರಕ್ಕೆ ಬಂದದ್ದಲ್ಲ. ಹೀಬ್ರೂವಿನಲ್ಲಿ ಅಲ್ಲಿ ‘ಹೇ’ ಅಕ್ಷರವಿದೆ, ಅದರೊಳಗೆ ‘ಮಪ್ಪೀಕ್’ ಎಂಬ ಚುಕ್ಕಿಯಿದೆ. ಈ ಹಕಾರವನ್ನು ಉಚ್ಚರಿಸಬೇಕು, ಇದು ‘ಅವಳ’ ಎಂಬ ಪ್ರತ್ಯಯ ಎಂದು ಆ ಚುಕ್ಕಿ ಸೂಚಿಸುತ್ತದೆ. ಯೆಹೂದ್ಯರು ಗ್ರಂಥ ಓದುವಾಗ ‘ಹೆಫ್ತ್ಸಿ-ವಾಹ್’ ಎಂದು ವಕಾರ ಬರುತ್ತದೆ, ಸ್ವರದ ನಂತರದ ಬಕಾರ ಅಲ್ಲಿ ಮೆದುವಾಗುವುದರಿಂದ. ಇಂದಿನ ಇಸ್ರೇಲಿನಲ್ಲಿ ಹೆಸರಾಗಿ ಕರೆಯುವಾಗ ಹೆಫ್ತ್ಸಿಬಾ.

ಕನ್ನಡ ವಾಕ್ಯದಲ್ಲಿ ಬಳಸುವಾಗ ಹೆಫ್ಸಿಬಾಳ, ಹೆಫ್ಸಿಬಾಳಿಗೆ ಎನ್ನಬಹುದು. ಹಿರಿಯರಾದರೆ ಹೆಫ್ಸಿಬಾ ಅವರ, ಅವರಿಗೆ. ಮಾರ್ಥಳು, ಮರಿಯಳು ಎಂಬ ಸತ್ಯವೇದದ ರೂಢಿಯಂತೆ ಹೆಫ್ಸಿಬಳು ಎಂದರೂ ನಡೆಯುತ್ತದೆ, ಆದರೆ ಪ್ರಸಂಗಪೀಠದ ಆಚೆ ಅದು ಹಳೆಯ ಶೈಲಿ ಅನ್ನಿಸುತ್ತದೆ.

ಪ್ರಶ್ನೆ: ನಾವು ಕಥೋಲಿಕರು. ನಮ್ಮ ಕಡೆ ಈ ಹೆಸರು ಕೇಳಿಯೇ ಇಲ್ಲ. ಇದು ಪ್ರಾಟೆಸ್ಟೆಂಟರ ಹೆಸರೇ? (ಮಂಗಳೂರು)

ಉತ್ತರ: ಪಂಗಡದ ಮುದ್ರೆ ಏನೂ ಇಲ್ಲ, ವ್ಯತ್ಯಾಸ ಬಂದದ್ದು ಅನುವಾದಗಳಿಂದ. ಯೆಶಾಯನ ಈ ವಚನದಲ್ಲಿ ಹೆಸರನ್ನು ಹಾಗೇ ಉಳಿಸುವುದೋ ಅರ್ಥ ಬರೆಯುವುದೋ ಎಂಬುದು ಪ್ರತಿ ಅನುವಾದಕರ ಮುಂದಿದ್ದ ಆಯ್ಕೆ. ಗ್ರೀಕ್ ಅನುವಾದ ‘ಥೆಲೇಮ ಎಮೋನ್’ ಎಂದು ಅರ್ಥ ಬರೆಯಿತು. ಲ್ಯಾಟಿನ್ ವಲ್ಗೇಟ್ ‘ವೊಲುಂತಾಸ್ ಮೆಯಾ ಇನ್ ಎಯಾ’ ಎಂದಿತು. ಜರ್ಮನಿಯ ಲೂಥರ್ ಕೂಡ ಅರ್ಥವನ್ನೇ ಬರೆದರು. 1611ರ ಇಂಗ್ಲಿಷ್ ಅನುವಾದ ಹೆಸರನ್ನು ಹೆಸರಾಗಿಯೇ ಬಿಟ್ಟಿತು. ತಮಿಳು, ತೆಲುಗು ಸತ್ಯವೇದಗಳಲ್ಲೂ ಹಾಗೆಯೇ. ಹೆಸರು ಹೆಸರಾಗಿ ಕಣ್ಣಿಗೆ ಬಿದ್ದಲ್ಲಿ ಜನ ಮಕ್ಕಳಿಗೆ ಇಟ್ಟರು: 17ನೆಯ ಶತಮಾನದ ಇಂಗ್ಲಿಷ್ ಪ್ಯೂರಿಟನ್ನರು (ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರು), ಅವರಿಂದ ಅಮೆರಿಕ, ಇತ್ತ ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಮನೆಗಳು. ಪಿಯಾನೊ ವಾದಕಿ ಹೆಫ್ಸಿಬಾ ಮೆನುಹಿನ್ (1920–1981), ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರ ತಂಗಿ, ಯೆಹೂದ್ಯ ಕುಟುಂಬದವರು. ಇಸ್ರೇಲಿನಲ್ಲಿ 1922ರಲ್ಲಿ ಸ್ಥಾಪನೆಯಾದ ಒಂದು ಕಿಬ್ಬುತ್ಸಿನ, ಅಂದರೆ ಸಾಮೂಹಿಕ ಬೇಸಾಯದ ಹಳ್ಳಿಯ, ಹೆಸರೂ ಹೆಫ್ತ್ಸಿಬಾ. ಬೇತ್ ಆಲ್ಫಾ ಎಂಬ ಪುರಾತನ ಸಿನಗಾಗಿನ (ಯೆಹೂದ್ಯರ ಪ್ರಾರ್ಥನಾಮಂದಿರದ) ಪ್ರಸಿದ್ಧ ಮೊಸಾಯಿಕ್ ನೆಲ ಇರುವುದು ಅಲ್ಲಿಯೇ.

ವಚನವನ್ನಂತೂ ನೀವು ಕೇಳಿಯೇ ಇರುತ್ತೀರಿ. ಕ್ರಿಸ್ಮಸ್ ಜಾಗರಣೆಯ ಬಲಿಪೂಜೆಯ ಮೊದಲ ವಾಚನ ಯೆಶಾಯ 62:1–5. ಸಾಧಾರಣ ಕಾಲದ ಎರಡನೆಯ ಭಾನುವಾರ, ವಾಚನಗಳ ಮೂರು ವರ್ಷದ ಸರದಿಯ ‘ಸಿ’ ವರ್ಷದಲ್ಲಿ, ಕಾನಾ ಊರಿನ ಮದುವೆಯ ಶುಭಸಂದೇಶದ ಜೊತೆಗೂ ಇದೇ ವಾಚನ. ಅಲ್ಲಿ ಹೆಸರಿನ ಬದಲು ಅರ್ಥ ಓದುವುದರಿಂದ ಹೆಫ್ಸಿಬಾ ಎಂಬ ಪದ ಕಿವಿಗೆ ಬಿದ್ದಿರಲಾರದು. ಯೆಹೂದ್ಯರಲ್ಲಿ ಹೊಸ ವರ್ಷದ ಹಿಂದಿನ ಸಬ್ಬತ್ತಿನಂದು (ಶನಿವಾರದ ವಿಶ್ರಾಂತಿ ದಿನ) ಈ ಅಧ್ಯಾಯ ಓದುತ್ತಾರೆ.

ಪ್ರಶ್ನೆ: ಅವಳಿ ಹೆಣ್ಣುಮಕ್ಕಳಿಗೆ ಹೆಫ್ಸಿಬಾ, ಬ್ಯೂಲಾ ಎಂದು ಇಡಬಹುದೇ? ಗಂಡುಮಗುವಿಗೆ ಇದರ ರೂಪ ಇದೆಯೇ? (ಬೀದರ್)

ಉತ್ತರ: ಧಾರಾಳವಾಗಿ ಇಡಬಹುದು, ಎರಡೂ ಒಂದೇ ವಚನದಲ್ಲಿ ಜೋಡಿಯಾಗಿ ಬಂದಿವೆ. ಬ್ಯೂಲಾ ಎಂದರೆ ಮದುವೆಯಾದವಳು, ಗಂಡನುಳ್ಳವಳು. ಹೀಬ್ರೂ ಉಚ್ಚಾರ ‘ಬೆಊಲಾ’. ಅರ್ಥ ಕೇಳಿದವರಿಗೆ ಅಷ್ಟನ್ನೇ ಹೇಳಿದರೆ ಪುಟ್ಟ ಹುಡುಗಿಯ ಹೆಸರಾಗಿ ವಿಚಿತ್ರ ಎನಿಸೀತು. ಹಾಳುಬಿದ್ದ ನಾಡಿಗೆ ಮತ್ತೆ ಒಡೆಯ ಸಿಕ್ಕಿದ, ಅದು ಮತ್ತೆ ಫಲ ಕೊಡುವ ನಾಡಾಯಿತು ಎಂಬ ಹಿನ್ನೆಲೆ ಸೇರಿಸಿ ಹೇಳಿ.

ಗಂಡುಮಗುವಿಗೆ ‘ಬಾಹ್’ ಬದಲು ‘ಬೋ’, ಅಂದರೆ ‘ಅವನಲ್ಲಿ’ ಎಂದಾಗಬೇಕು. ಆದರೆ ಸತ್ಯವೇದದಲ್ಲಿ ಅಂಥ ಹೆಸರಿಲ್ಲ, ನಾವೇ ಕಟ್ಟಿದರೆ ಕೃತಕವಾಗುತ್ತದೆ. ಹತ್ತಿರದ ಅರ್ಥ ಬೇಕಾದರೆ ಯೆದೀದ್ಯ ಇದೆ: ಕರ್ತನಿಗೆ ಪ್ರಿಯನು. 2 ಸಮುವೇಲ 12:25ರಲ್ಲಿ ನಾತಾನನ ಮೂಲಕ ಮಗು ಸೊಲೊಮೋನನಿಗೆ ಬಂದ ಹೆಸರು ಅದು.

ಪ್ರಶ್ನೆ: ಮಗಳ ಜನನ ಪ್ರಮಾಣಪತ್ರ, ದೀಕ್ಷಾಸ್ನಾನದ ಪತ್ರ, ಆಧಾರ್ ಮೂರರಲ್ಲೂ ಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆ ಬೇರೆ. ಮೊದಲೇ ತಪ್ಪಿಸುವುದು ಹೇಗಿತ್ತು, ಈಗೇನು ಮಾಡುವುದು? (ಬೆಂಗಳೂರು)

ಉತ್ತರ: ಈ ಹೆಸರಿಗೆ ಇದು ಅತಿ ಸಾಮಾನ್ಯ ತೊಂದರೆ. ಕಾರಣ ಮೂರು ಎಚ್‌ಗಳು. ಪೂರ್ಣ ರೂಪ ಹೀಗೆ: ಎಚ್, ಇ, ಪಿ, ಎಚ್, ಜೆಡ್, ಐ, ಬಿ, ಎ, ಎಚ್. ಒಟ್ಟು 9 ಅಕ್ಷರ, ಎಚ್ ಬರುವುದು 1, 4 ಮತ್ತು 9ನೆಯ ಸ್ಥಾನದಲ್ಲಿ. ಟೈಪ್ ಮಾಡುವವರು ನಾಲ್ಕನೆಯ ಸ್ಥಾನದ ಎಚ್ ಅನ್ನು ಜೆಡ್‌ನ ಆಚೆಗೆ ತಳ್ಳುತ್ತಾರೆ, ಇಲ್ಲವೇ ಕೊನೆಯದನ್ನು ಬಿಡುತ್ತಾರೆ, ಇಲ್ಲವೇ ಬಾಯಲ್ಲಿ ಕೇಳಿದಂತೆ ಜೆಡ್ ಜಾಗಕ್ಕೆ ಎಸ್ ಹಾಕುತ್ತಾರೆ. ಆದ್ದರಿಂದ ಹೆಸರನ್ನು ಎಂದೂ ಬಾಯಲ್ಲಿ ಹೇಳಿ ಬರೆಸಬೇಡಿ. ದೊಡ್ಡಕ್ಷರಗಳಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದ ಚೀಟಿ ಕೊಡಿ, ಮುದ್ರಣಕ್ಕೆ ಮೊದಲು ಪರದೆಯ ಮೇಲೆ 1, 4, 9 ಎಣಿಸಿ ನೋಡಿ.

ಪೂರ್ಣ ರೂಪವೇ ಬೇಕೆಂದಿಲ್ಲ. ಎಚ್-ಇ-ಪಿ-ಎಸ್-ಐ-ಬಿ-ಎ ಎಂಬ 7 ಅಕ್ಷರದ ರೂಪವೂ ದಕ್ಷಿಣ ಭಾರತದಲ್ಲಿ ಚೆನ್ನಾಗಿ ರೂಢಿಯಲ್ಲಿದೆ, ತಪ್ಪಾಗುವ ಸಂಭವವೂ ಕಡಿಮೆ. ಯಾವುದನ್ನಾದರೂ ಆರಿಸಿ, ಆದರೆ ಜನನ ನೋಂದಣಿಗೆ ಮೊದಲೇ ಆರಿಸಿ. ನಡುವೆ ಅಡ್ಡಗೆರೆ ಹಾಕುವುದು ಬೇಡ. ಕೆಲವು ಸತ್ಯವೇದಗಳಲ್ಲಿ ಅಡ್ಡಗೆರೆ ಇದೆ ನಿಜ, ಆದರೆ ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಅಡ್ಡಗೆರೆಗೆ ಜಾಗವಿಲ್ಲ, ಅಲ್ಲಿ ಬೇರ್ಪಡಿಸುವ ಚಿಹ್ನೆ ಬಂದು ಹೆಸರು ಎರಡು ತುಂಡಾಗುತ್ತದೆ. ಆ ಸಾಲಿನಲ್ಲಿ ಹೆಸರಿಗೆ ಇರುವುದು 39 ಸ್ಥಾನ. ಹೆಫ್ಸಿಬಾ ಜೊತೆಗೆ ಇನ್ನೆರಡು ಹೆಸರು, ತಂದೆಯ ಹೆಸರು ಎಲ್ಲ ಸೇರಿಸುವವರು ಇದನ್ನೂ ಎಣಿಸಿಕೊಳ್ಳಬೇಕು.

ಹೆಸರು ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಮಗುವಿನ ಹೆಸರಿನ ಜಾಗ ಖಾಲಿ ಬಿಡಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಮಿನ ಪ್ರಕಾರ ಹೆಸರನ್ನು ಆಮೇಲೆ ಸೇರಿಸಲು ಬರುತ್ತದೆ: 12 ತಿಂಗಳವರೆಗೆ ಶುಲ್ಕವಿಲ್ಲ, ನಂತರ 15 ವರ್ಷದವರೆಗೆ ವಿಳಂಬ ಶುಲ್ಕದೊಡನೆ. ಅವಸರದಲ್ಲಿ ತಪ್ಪು ಬರೆಸುವುದಕ್ಕಿಂತ ಖಾಲಿ ಬಿಟ್ಟು, ದೀಕ್ಷಾಸ್ನಾನವಾದ ಮೇಲೆ ಸೇರಿಸುವುದು ಎಷ್ಟೋ ಮೇಲು.

ನಿಮ್ಮ ವಿಷಯಕ್ಕೆ ಬರೋಣ. ಮೊದಲು ಜನನ ಪ್ರಮಾಣಪತ್ರವನ್ನು ಗಟ್ಟಿ ಮಾಡಿಕೊಳ್ಳಿ. ಅದರಲ್ಲಿರುವ ಕಾಗುಣಿತ ಒಪ್ಪುವಂತಿದ್ದರೆ ಅದನ್ನೇ ಇಟ್ಟುಕೊಂಡು ಉಳಿದೆರಡನ್ನು ಅದಕ್ಕೆ ಹೊಂದಿಸಿ, ಇದೇ ಸುಲಭದ ದಾರಿ. ಅದರಲ್ಲೇ ಬರಹದ ತಪ್ಪಿದ್ದರೆ ಅದೇ ಕಾಯ್ದೆಯ 15ನೆಯ ಕಲಮಿನಡಿ ನೋಂದಣಾಧಿಕಾರಿಗೆ ತಿದ್ದುಪಡಿಗೆ ಅರ್ಜಿ ಕೊಡಿ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗಂತೂ ಹುಟ್ಟಿದ ದಿನಾಂಕ, ಸ್ಥಳಕ್ಕೆ ಈ ಪತ್ರವೇ ಆಧಾರ. ಅದು ಸರಿಯಾದ ಮೇಲೆ ಆಧಾರ್ ತಿದ್ದಿಸಿ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಮೂಲಪತ್ರ ಕೈಗೆ ಬರುವ ಮೊದಲೇ ಒಂದನ್ನು ಕಳೆದುಕೊಳ್ಳಬೇಡಿ. ಚರ್ಚಿನ ದಾಖಲೆ ತಿದ್ದುವುದು ಕಷ್ಟವಲ್ಲ. ಸಭಾಪಾಲಕರಿಗೆ ಜನನ ಪ್ರಮಾಣಪತ್ರದ ಪ್ರತಿ ಕೊಟ್ಟು ರಿಜಿಸ್ಟರಿನ ಅಂಚಿನಲ್ಲಿ ಸಹಿಯೊಡನೆ ತಿದ್ದುಪಡಿ ಬರೆಸಿಕೊಳ್ಳಿ. ಇಷ್ಟೂ ಕೆಲಸ ಶಾಲೆಗೆ ಸೇರಿಸುವ ಮೊದಲೇ ಮುಗಿಯಲಿ. ದಾಖಲಾತಿ ಪುಸ್ತಕದಲ್ಲಿ ಬರೆದದ್ದೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ, ಆಮೇಲೆ ತಿದ್ದಿಸುವುದು ನಿಜಕ್ಕೂ ಓಡಾಟದ ಕೆಲಸ.

ಪ್ರಶ್ನೆ: ಮನೆಯಲ್ಲಿ ಕರೆಯಲು ಚಿಕ್ಕ ಹೆಸರು ಯಾವುದು ಚೆನ್ನ? (ಉಡುಪಿ)

ಉತ್ತರ: ಹೆಪ್ಸಿ. ಇಂಗ್ಲಿಷರಲ್ಲೂ ಬಹಳ ಹಿಂದಿನಿಂದ ಇದೇ ಇತ್ತು, ಇಸ್ರೇಲಿನಲ್ಲಿ ಹೆಫ್ತ್ಸಿ ಎನ್ನುತ್ತಾರೆ. ‘ನನ್ನ ಒಲವು’ ಎಂಬ ಪೂರ್ತಿ ಪದ ಅದರಲ್ಲಿ ಉಳಿಯುವುದರಿಂದ ನಮಗೂ ಅದೇ ಇಷ್ಟ. ಸಿಬಾ ಅಥವಾ ಜೀಬಾ ಎಂದು ಬಾಲವನ್ನಷ್ಟೇ ಹಿಡಿದು ಕರೆಯಬೇಡಿ. ಮೊದಲ ಪದದ ತುದಿ, ಎರಡನೆಯ ಪದ ಸೇರಿದ ಆ ತುಂಡಿಗೆ ಅರ್ಥವಿಲ್ಲ. ಮೇಲಾಗಿ ಅದು ಸೌಲನ ಮನೆಯ ಸೇವಕನೊಬ್ಬನ ಹೆಸರಿನಂತೆ ಕೇಳುತ್ತದೆ. ಕನ್ನಡ ಸತ್ಯವೇದದಲ್ಲಿ ಅವನು ಚೀಬ. ತನ್ನ ಒಡೆಯ ಮೆಫೀಬೋಶೆತನ ಮೇಲೆ ದಾವೀದನಲ್ಲಿ ಚಾಡಿ ಹೇಳಿ ಆಸ್ತಿ ಹೊಡೆದುಕೊಂಡವನು. 2 ಸಮುವೇಲ 16:1–4, ಒಡೆಯನ ಮರುಮಾತು 19:24–30ರಲ್ಲಿದೆ.